ಸೋಮವಾರದ ಬಂಡಿ

ಬಾಗಿಲ ಹೊರಗೆ ಒಬ್ಬ ಗಂಡಸು ನಿಂತಿದ್ದಾನೆ. ಕೈಯಲ್ಲಿ ಹಿತ್ತಾಳೆಯ ತಂಬಿಗೆ. ಕುಡಿಯುವ ಮೊದಲು ಒಂದಿಷ್ಟು ನೀರನ್ನು ಎಡಗಾಲಿನ ಮೇಲೆ ಸುರಿದುಕೊಳ್ಳುತ್ತಾನೆ. ಆಮೇಲೆ ತಲೆ ಎತ್ತಿ, ತಂಬಿಗೆಯನ್ನು ಬಾಯಿಂದ ದೂರ ಹಿಡಿದು ಕುಡಿಯುತ್ತಾನೆ. ಈ ಚಿತ್ರ ನನ್ನ ನೆನಪಿನಲ್ಲಿ ಬಹಳ ಸ್ಪಷ್ಟವಾಗಿದೆ. ಆ ಗಂಡಸು ಯಾರು ಎಂಬುದು ಮಾತ್ರ ಸ್ಪಷ್ಟವಿಲ್ಲ. ನನ್ನ ಕಾಕಾ ಇರಬಹುದು, ಇಲ್ಲವೆ ನಮ್ಮ ಓಣಿಯ ಜಮಾದಾರರು ಇರಬಹುದು. ಇಷ್ಟು ದೊಡ್ಡ ವಿಷಯದಲ್ಲೇ ಅನುಮಾನವಿರುವಾಗ ಮುಂದಿನ ಸಣ್ಣ ವಿವರಗಳಲ್ಲಿ ಎಷ್ಟೋ ತಪ್ಪಿರಬಹುದು. ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಜಮಾದಾರರು ಹೋದ ತಿಂಗಳು ಬೆಟಗೇರಿಯಲ್ಲಿ ತೀರಿಕೊಂಡರು. ನಾನು ಧಾರವಾಡದಲ್ಲಿದ್ದೆ, ಮಣ್ಣಿಗೆ ಹೋಗಲಾಗಲಿಲ್ಲ. ಅವರ ಹೆಸರು ಇಲ್ಲಿ ಬೇಡ. ಓಣಿಯಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದಿಲ್ಲ. ಪೊಲೀಸ್ ಕೆಲಸ ಬಿಟ್ಟು ಎಷ್ಟು ವರ್ಷವಾದರೂ ಅವರು ಜಮಾದಾರರೇ. ಹೊಂಬಳದ ಒಕ್ಕಲುತನದ ಮನೆಯಿಂದ ಬಂದವರು. ಬ್ರಿಟಿಷರ ಕಾಲದಲ್ಲಿ ನೌಕರಿಗೆ ಸೇರಿ, ಸ್ವಾತಂತ್ರ್ಯ ಬಂದ ಮೇಲೆ ಮುಂಬಯಿ ಸರ್ಕಾರಕ್ಕೆ ದುಡಿದು, ಏಕೀಕರಣವಾಗಿ ನಾವೆಲ್ಲ ಮೈಸೂರು ರಾಜ್ಯದವರಾದ ಸ್ವಲ್ಪ ದಿನಕ್ಕೆ ನಿವೃತ್ತರಾದರು.

"ಮೂರ ಸರ್ಕಾರದ ಟೊಪಗಿ ಹಾಕ್ಕೊಂಡೀನಿ," ಎನ್ನುತ್ತಿದ್ದರು. "ತಲಿ ಮಾತ್ರ ಒಂದ. ಅದಕ್ಕ ನೋಡ್ರಿ, ಕೂದಲಾ ಉಳೀಲಿಲ್ಲ."

ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತರೆ ಗೋಡೆಗೆ ಬೆನ್ನು ಕೊಡುತ್ತಿರಲಿಲ್ಲ. ಯಾರಾದರೂ ಏನಾದರೂ ಹೇಳುವಾಗ ಎರಡೂ ಅಂಗೈ ಮೇಲೆ ಮಾಡಿ, ತಕ್ಕಡಿಯ ತಟ್ಟೆಗಳ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೇಳುವರು. ಒಮ್ಮೊಮ್ಮೆ ಒಂದು ಕೈ ಗೊತ್ತಾಗದಷ್ಟು ಮೇಲೇಳುತ್ತಿತ್ತು. ಅದು ಹೇಳುವವನ ಮಾತು ಹಗುರಾಯಿತು ಎಂಬುದರ ಗುರುತು. ಓಣಿಯ ಹೆಂಗಸರಿಗೆ ಇದು ಗೊತ್ತಿತ್ತು. "ಅಜ್ಜಾರ, ಕೈ ಕೆಳಗ ಇಡ್ರಿ, ಇನ್ನೂ ಮುಗಿದಿಲ್ಲ ನಂದು," ಎಂದು ಜಗಳಕ್ಕೆ ಬಂದವರೇ ನಗುತ್ತಿದ್ದರು.

ಒಮ್ಮೆ ಒಣಹಾಕಿದ ಸೀರೆಯೊಂದು ಮಾಯವಾಯಿತು. ಮಗ್ಗದ ಮನೆಯ ಹೆಂಗಸೊಬ್ಬಳು ನೆರೆಮನೆಯವಳನ್ನು ಎಳೆದುಕೊಂಡೇ ಬಂದಳು.

"ಆಕೀನ ಒಯ್ದಾಳ್ರಿ. ನಾ ಕಣ್ಣಾರೆ ನೋಡೇನಿ."

"ಏನ ನೋಡಿದಿ?"

"ಸೀರಿ ಕಂಕುಳಾಗ ಇಟಗೊಂಡು ಒಳಗ ಹೋದದ್ದು."

"ಯಾವ ಅಂಚಿತ್ತು?"

"ಅಂಚು ಹೆಂಗ ಕಾಣಬೇಕ್ರಿ, ಆಕಿ ಬೆನ್ನ ಇತ್ತು ನನ್ನ ಕಡೆ."

"ಹಂಗಾರ ನೀ ಬೆನ್ನ ನೋಡಿದಿ. ಸೀರಿ ತಿಳಕೊಂಡಿ. ನೋಡಿದ್ದಷ್ಟ ಹೇಳವಾ, ತಿಳದದ್ದು ಬ್ಯಾಡ."

ಮಧ್ಯಾಹ್ನ ಸೀರೆ ಬೇಲಿಯ ಹಿಂದೆ ಸಿಕ್ಕಿತು. ಕರು ಸೆರಗನ್ನು ಅರ್ಧ ಮೆದ್ದಿತ್ತು. ನೆರೆಮನೆಯವಳು ಕರುವಿನ ಕೊರಳು ಹಿಡಿದು ಜಮಾದಾರರ ಮುಂದೆ ನಿಲ್ಲಿಸಿ, "ತಗೋರಿ, ಇದನ್ನೂ ಕೇಳ್ರಿ, ಎಲ್ಲಾ ನೋಡಿದ್ದ ಹೇಳತೈತಿ," ಎಂದಳು.

ನೋಡಿದ್ದು ಹೇಳು, ತಿಳಿದದ್ದು ಬೇಡ. ಇದು ಅವರ ಮಾತು. ಕಾಲೇಜಿನಲ್ಲಿ ಇತಿಹಾಸ ಕಲಿಸುವಾಗ ನಾನೂ ಇದನ್ನು ಹೇಳಿದ್ದೇನೆ, ಯಾರದೆಂದು ಹೇಳದೆ. ಆದರೆ ಈ ಮಾತು ಅವರಿಗೆ ಎಲ್ಲಿಂದ ಬಂತು ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು. ಅದು ನಮ್ಮ ಮನೆಯದೇ ಕಥೆ.

ನನ್ನ ಕಾಕಾ, ಅಂದರೆ ಅಪ್ಪನ ತಮ್ಮ, ಗದಗಿನ ಹತ್ತಿ ವ್ಯಾಪಾರಿಯೊಬ್ಬರ ಪರವಾಗಿ ಹಳ್ಳಿಗಳಲ್ಲಿ ಅರಳೆ ನೋಡಿಬರುವ ಕೆಲಸದಲ್ಲಿದ್ದ. ಸ್ವಾತಂತ್ರ್ಯ ಬಂದ ಮರುವರ್ಷ, ಹತ್ತಿ ಬಿಡಿಸುವ ಕಾಲ. ಒಂದು ಭಾನುವಾರ ಸಂಜೆ ಲಕ್ಷ್ಮೇಶ್ವರದಲ್ಲಿ ಯಳವತ್ತಿಯವನೊಬ್ಬನ ಬಂಡಿ ಹತ್ತಿ ಶಿರಹಟ್ಟಿಯ ಕಡೆ ಹೊರಟ. ದಾರಿಯಲ್ಲಿ ಇಬ್ಬರೂ ಏರುದನಿಯಲ್ಲಿ ಮಾತಾಡಿದ್ದನ್ನು ಕೇಳಿದವರಿದ್ದರು. ಮರುದಿನ ಬೆಳಿಗ್ಗೆ ಹಳ್ಳದ ಕೆಸರಿನಲ್ಲಿ ಕಾಕಾ ತಲೆಗೆ ಸುತ್ತುತ್ತಿದ್ದ ಪಟಕಾ ಮತ್ತು ಚಪ್ಪಲಿ ಸಿಕ್ಕವು. ಕಾಕಾ ಸಿಗಲಿಲ್ಲ. ಈವರೆಗೂ ಸಿಕ್ಕಿಲ್ಲ.

"ಹಳ್ಳದ ಹತ್ರ ಇಳಿದ್ರು, ನಡಕೊಂಡು ಹೋಗತೀನಿ ಅಂದ್ರು," ಎಂದಷ್ಟೇ ಯಳವತ್ತಿಯವನು ಹೇಳಿದ. ಬೈದಾಟ ಎತ್ತುಗಳನ್ನು ನಿಧಾನ ಹೊಡೆದದ್ದಕ್ಕೆ ಎಂದ. ಆಗ ಶಿರಹಟ್ಟಿ ಒಂದು ಸಂಸ್ಥಾನಕ್ಕೆ ಸೇರಿತ್ತು, ಲಕ್ಷ್ಮೇಶ್ವರ ಇನ್ನೊಂದು ಸಂಸ್ಥಾನಕ್ಕೆ. ಗದಗ, ಮುಂಡರಗಿ ಮುಂಬಯಿ ಸರ್ಕಾರ. ಹಳ್ಳ ಯಾರದೆಂದು ತೀರ್ಮಾನವಾಗುವ ಹೊತ್ತಿಗೆ ಸಂಸ್ಥಾನಗಳೇ ವಿಲೀನವಾದವು. ಕೊಲೆಯ ಅನುಮಾನದಲ್ಲಿ ಹಿಡಿದಿದ್ದ ಯಳವತ್ತಿಯವನನ್ನು ಹೆಣ ಸಿಗಲಿಲ್ಲವೆಂದು ಬಿಟ್ಟರು. ಆದರೆ ಊರಿನವರು ಬಿಡಲಿಲ್ಲ. ಅವನ ಬಂಡಿಗೆ ಹತ್ತಿ ಹೇರಿದರು, ಗೊಬ್ಬರ ಹೇರಿದರು. ಅದರಲ್ಲಿ ಮನುಷ್ಯರು ಕೂಡುವುದು ನಿಂತುಹೋಯಿತು.

ಆ ವಾರದಲ್ಲೇ ಒಂದು ಸುಳಿವು ಬಂದಿತ್ತು. ಮುಂಡರಗಿಯ ಅಂಚಿನಲ್ಲಿ ಚಹಾದಂಗಡಿ ಇಟ್ಟುಕೊಂಡಿದ್ದ ಹೆಣ್ಣುಮಗಳೊಬ್ಬಳು ತಾನಾಗಿಯೇ ಪೊಲೀಸರ ಬಳಿ ಬಂದಳು. ಆಗ ಅಲ್ಲಿದ್ದವರು ನಮ್ಮ ಜಮಾದಾರರು. ಸೋಮವಾರ ಮಧ್ಯಾಹ್ನ ಒಂದು ಬಂಡಿ ಬಂತು, ಪೂರ್ವದ ಕಡೆ, ನಿಜಾಮನ ಗಡಿಯತ್ತ ಹೊರಟಿತ್ತು, ಅದರಿಂದ ಬರಿತಲೆಯ, ಬರಿಗಾಲಿನ ಒಬ್ಬ ಇಳಿದು ಚಹಾ ಕೇಳಿದ ಎಂದಳು. ಸೋಮವಾರ ಅವಳು ಅಂಗಡಿ ತೆರೆಯುತ್ತಿರಲಿಲ್ಲ, ಒಲೆ ಹಚ್ಚಿರಲಿಲ್ಲ. ಅದಕ್ಕೆ ನೀರು ಕೊಟ್ಟಳು. ಅವನು ಮೊದಲು ಎಡಗಾಲಿನ ಮೇಲೆ ಸುರಿದುಕೊಂಡು ಆಮೇಲೆ ಕುಡಿದ.

ಪಟಕಾ, ಚಪ್ಪಲಿಯ ಸುದ್ದಿ ಅಷ್ಟರಲ್ಲಿ ಮುಂಡರಗಿಗೂ ಮುಟ್ಟಿತ್ತು. ಆದ್ದರಿಂದ ಬರಿತಲೆ, ಬರಿಗಾಲು ಎನ್ನುವುದಕ್ಕೆ ಬೆಲೆ ಕಡಿಮೆ. ಯಾರೂ ಕೇಳಿ ಹೇಳಬಹುದು. ನೀರಿನ ಮಾತು ಮಾತ್ರ ಎಲ್ಲಿಯೂ ಹರಡಿದ್ದಲ್ಲ. ಆ ಒಂದು ಮಾತು ನಿಜವಾಗಿ, ಅದು ಕಾಕಾನ ರೂಢಿಯೇ ಆಗಿದ್ದರೆ, ಭಾನುವಾರ ಸಂಜೆ ಕೊಲೆಯಾದನೆಂದು ಜನ ಹೇಳುವವನು ಸೋಮವಾರ ಮಧ್ಯಾಹ್ನ ಬದುಕಿದ್ದ. ಯಳವತ್ತಿಯವನು ಕೊಂದಿಲ್ಲ.

ಜಮಾದಾರರು ಆ ಸುಳಿವನ್ನು ಬದಿಗಿಟ್ಟರು. ಯಾಕೆ ಎಂಬುದನ್ನು ಅವರೇ ನನಗೆ ಹೇಳಿದ್ದು, ನಾನು ಬಿ.ಎ. ಮುಗಿಸಿ ರಜೆಗೆ ಬಂದಿದ್ದಾಗ, ನಮ್ಮ ಕಟ್ಟೆಯ ಮೇಲೆ ಕುಳಿತು.

"ನಮ್ಮ ಸಾಹೇಬರು ಪುಣೆ ಕಡಿಯವರು. ಏನ್ ಜಮಾದಾರ, ಈಕಿ ಮಾತು ಮುಂದ ಒಯ್ಯೂಣೇನು ಅಂದ್ರು. ನಾ ಅಂದೆ, ಸಾಹೇಬ್ರ, ಸೋಮಾರ ಯಾವ ಮಗಾ ಬಂಡಿ ಹೂಡತಾನ್ರಿ ಈ ಸೀಮ್ಯಾಗ? ಹಂಗೇನು ಅಂದ್ರು. ಹಂಗರಿ ಅಂದೆ. ಮುಗೀತು."

ಈ ಕಡೆಯವರಲ್ಲದವರಿಗೆ ಹೇಳಬೇಕು. ನಮ್ಮಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ. ಹರಗುವುದಿಲ್ಲ, ಬಿತ್ತುವುದಿಲ್ಲ, ಬಂಡಿ ಕಟ್ಟುವುದಿಲ್ಲ. ಹೊಂಬಳದಲ್ಲಿ ಎತ್ತಿನ ಜೊತೆ ಬೆಳೆದವರಿಗೆ ಇದು ನಿಯಮವೆಂದು ಅನಿಸುವುದೂ ಇಲ್ಲ, ಹೊತ್ತು ಮೂಡಿದ ಹಾಗೆ. ಹೀಗಾಗಿ, ಹೆಂಗಸು ದಿನ ತಪ್ಪಿದ್ದಾಳೆ ಇಲ್ಲವೆ ಯಳವತ್ತಿಯವನ ಬೀಗರು ಹೇಳಿಕೊಟ್ಟು ಕಳಿಸಿದ್ದಾರೆ ಎಂದು ಅವರಿಗೆ ಅನಿಸಿತು. ಇನ್ನೊಂದು ಕಾರಣವೂ ಇತ್ತು. ಆ ದಿನಗಳಲ್ಲಿ ರಜಾಕಾರರ ಹಾವಳಿಗೆ ಹೆದರಿ ಜನ ನಿಜಾಮನ ಸೀಮೆಯಿಂದ ಮುಂಡರಗಿಗೆ ಬರುತ್ತಿದ್ದರು. ಈ ಕಡೆಯಿಂದ ಆ ಕಡೆಗೆ ಸುಮ್ಮನೆ ಹೋಗುವವರು ಯಾರು?

ಆದರೂ ಅವರು ಒಂದು ಕೆಲಸ ಮಾಡಿದರು. ಬೆಟಗೇರಿಗೆ ಬಂದು ನನ್ನ ಚಿಗವ್ವನನ್ನು, ಕಾಕಾನ ಹೆಂಡತಿಯನ್ನು, ಕೇಳಿದರು. ಆಗ ನಾನು ಶಾಲೆಗೆ ಹೋಗುವ ಹುಡುಗಿ, ಬಾಗಿಲ ಹಿಂದಿದ್ದೆ. ಇದು ನನಗೆ ಚೆನ್ನಾಗಿ ನೆನಪಿದೆ ಎಂದುಕೊಂಡಿದ್ದೇನೆ.

"ಅಕ್ಕಾರ, ನಿಮ್ಮ ಯಜಮಾನ್ರಿಗೆ ನೀರು ಕುಡಿಯೂ ಮುಂದ ಎಡಗಾಲ ಮ್ಯಾಲ ಸುರುವಿಕೊಳ್ಳೂ ರೂಢಿ ಐತೇನ್ರಿ?"

ಚಿಗವ್ವ ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡಳು. "ಇಲ್ಲರಿ," ಎಂದಳು.

ಅಲ್ಲಿಗೆ ಸುಳಿವು ಸತ್ತಿತು.

ವಿಚಿತ್ರವೆಂದರೆ ಕಾಕಾ ಸತ್ತ ಎಂದು ಚಿಗವ್ವ ಯಾವತ್ತೂ ಒಪ್ಪಲಿಲ್ಲ. ಹಿರಿಯರು ಕೂತು ಮಾತಾಡಿ, ಇನ್ನು ಆಗಬೇಕಾದದ್ದು ಆಗಲಿ ಎಂದಾಗ ಅವಳು ಒಳಗಿಂದಲೇ ಹೇಳಿದ ಮಾತು ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ: "ಹೆಣ ತೋರಸ್ರಿ, ಬಳಿ ಒಡೀತೀನಿ." ಇವತ್ತಿಗೂ ಅವಳ ಕೈಯಲ್ಲಿ ಹಸಿರು ಬಳೆ, ಹಣೆಯಲ್ಲಿ ಕುಂಕುಮ.

ನಿವೃತ್ತರಾದ ಮೇಲೆ ಜಮಾದಾರರು ನಮ್ಮ ಓಣಿಯಲ್ಲೇ ಮನೆ ಹಿಡಿದರು. ಬೇಕೆಂದೇ ಹಿಡಿದರೋ, ಸಿಕ್ಕಿತೆಂದು ಹಿಡಿದರೋ ನಾನು ಕೇಳಲಿಲ್ಲ. ಸೋಮವಾರ ಸೋಮವಾರ ಗುಡಿಗೆ ಹೋಗಿ ಬರುವಾಗ ನಮ್ಮ ಬಾಗಿಲಲ್ಲಿ ನಿಲ್ಲುವರು. "ಅಕ್ಕಾರ, ಒಂದ ತಂಬಿಗಿ ನೀರ ಕೊಡ್ರಿ." ಚಿಗವ್ವ ತಂದುಕೊಡುವಳು. ಅವರು ಸ್ವಲ್ಪ ಎಡಗಾಲಿನ ಮೇಲೆ ಸುರಿದುಕೊಂಡು, ಆಮೇಲೆ ಕುಡಿದು, ತಂಬಿಗೆ ತಿರುಗಿ ಕೊಡುವಾಗ ಅವಳ ಮುಖ ನೋಡುವರು. ಅವಳು ತಂಬಿಗೆ ನೋಡುವಳು. ಅವರಿಬ್ಬರ ನಡುವೆ ಇಷ್ಟೇ. ರಜೆಗೆ ಬಂದಾಗಲೆಲ್ಲ ನಾನು ಇದನ್ನು ನೋಡಿದ್ದೇನೆ. ಆದ್ದರಿಂದಲೇ ಮೊದಲು ಹೇಳಿದ ಚಿತ್ರದಲ್ಲಿ ನಿಂತವರು ಯಾರೆಂದು ನಾನು ಹೇಳಲಾರೆ. ಕಾಕಾನನ್ನು ನೋಡಿದ ನೆನಪಿನ ಮೇಲೆ ಜಮಾದಾರರು ಬಂದು ನಿಂತಿರಬಹುದು. ಅಥವಾ ಕೆಳಗೆ ಯಾವ ಕಾಕಾನೂ ಇಲ್ಲದೆ ಇರಬಹುದು.

ಅವರ ಮನಸ್ಸು ತಿರುಗಿದ್ದು ನಾಗಾವಿಯ ದಾರಿಯಲ್ಲಿ. ಅಲ್ಲಿ ಅವರ ಮಗಳನ್ನು ಕೊಟ್ಟಿದ್ದರು. ನಿವೃತ್ತಿಯಾದ ಹೊಸದರಲ್ಲಿ ಒಂದು ದಿನ ನಡೆದುಕೊಂಡು ಹೋಗುವಾಗ ಹಿಂದಿನಿಂದ ಕಲ್ಲಿನ ಬಂಡಿಯೊಂದು ಬಂತು.

"ಅಂವ ಕೂಗಿದ, ಸರೀರಿ ಯಜಮಾನ್ರ ಅಂತ. ಸರದೆ. ಬಂಡಿ ಹೋತು. ಹೋದಮ್ಯಾಲೆ ನೆನಪಾತು, ಇವತ್ತ ಸೋಮಾರ ಐತಲ್ಲ, ಗುಡಿಗೆ ಹೋಗಿ ಬಂದೀನಿ, ಇಂವ ಹೆಂಗ ಹೂಡ್ಯಾನ? ತಿರುಗಿ ನೋಡಿದೆ. ಕೋಣ ಕಟ್ಯಾನವಾ. ಎರಡು ಕೋಣ."

ಕೋಣಕ್ಕೆ ಸೋಮವಾರವಿಲ್ಲ. ಕೋಣ ಬಸವಣ್ಣನಲ್ಲ. ಕಲ್ಲು ಹೇರುವವರು, ನೀರು ಹೇರುವವರು ವಾರವೆಲ್ಲ ಕೋಣ ಹೂಡುತ್ತಾರೆ.

"ಹುಟ್ಟಿದಾಗಿಂದ ನೋಡೀನಿ ಕೋಣದ ಬಂಡಿ," ಎಂದರು. "ಕಣ್ಣಿಗೆ ಬಿದ್ದಿತ್ತು. ತಲೀಗೆ ಬಿದ್ದಿದ್ದಿಲ್ಲ. ಆಕಿ ಬಂಡಿ ಅಂದ್ಲು. ಎತ್ತು ಅನ್ನಲಿಲ್ಲ. ಎತ್ತು ಕಟ್ಟಿದಾಂವ ನಾನ."

ಮರುದಿನವೇ ಮುಂಡರಗಿಯ ಬಸ್ ಹತ್ತಿದರು. ಆ ಹೆಣ್ಣುಮಗಳು ಇನ್ನೂ ಇದ್ದಳು. ಅಂಗಡಿ ಮಗನ ಕೈಯಲ್ಲಿತ್ತು. ಅಂಗಡಿ ಮುಂದೆ ಕುಳಿತು ಹುಣಸೆಹಣ್ಣು ಕುಟ್ಟುತ್ತಿದ್ದಳಂತೆ. ಜಮಾದಾರರನ್ನು ನೋಡಿದ ಕೂಡಲೇ ಗುರುತು ಹಿಡಿದಳು.

"ಬರ್ರಿ, ಕುಂಡ್ರಿ. ಈಗ ಬಂದ್ರೇನು? ಜಲ್ದಿ ಬಂದ್ರಿ ಬಿಡ್ರಿ," ಎಂದಳಂತೆ.

ಅವರು ಕುಳಿತರು. ಆಮೇಲೆ ಏನಾಯಿತೆಂದು ಹೇಳುವಾಗ ಅವರ ಎರಡೂ ಅಂಗೈ ತೊಡೆಯ ಮೇಲೆ ಸಮನಾಗಿದ್ದವು.

"ದಾರಿ ತುಂಬ ಅನಕೋತ ಹೋಗಿದ್ದೆ, ಹೆಂಗ ಕೇಳಬೇಕು ಅಂತ. ಬಂಡಿ ಬಗ್ಗೆ ಹೇಳವಾ ಅಂತ ಕೇಳಬೇಕಿತ್ತು. ಅಷ್ಟ. ಆಕಿ ಮಾರಿ ನೋಡಿದ ಕೂಡಲೇ ತಡಕೊಳ್ಳಾಕ ಆಗಲಿಲ್ಲ. ಅವತ್ತ ಬಂಡಿಗೆ ಕೋಣ ಇದ್ವೇನು ಅಂದೆ."

"ಏನಂದ್ಲು?"

"ಹೌದ್ರಿ, ಕೋಣ ಅಂದ್ಲು."

"ಮತ್ತ ಆತಲ್ಲರಿ ಅಜ್ಜಾರ."

"ಏನಾತು? ಕೋಣ ಅನ್ನೂ ಮಾತು ಆಕೀದಲ್ಲ, ನಂದು. ನಾ ಕೊಟ್ಟೆ, ಆಕಿ ತಿರುಗಿ ಕೊಟ್ಲು. ಎತ್ತು ಇದ್ವೇನು ಅಂದಿದ್ರ ಎತ್ತು ಅಂತಿದ್ಲೋ ಏನೋ. ಇನ್ನ ಯಾವತ್ತೂ ಅದು ಗೊತ್ತಾಗೂದಿಲ್ಲ. ಒಂದ ಬಾವಿಗೆ ಒಮ್ಮೆ ಮಣ್ಣ ಬಿತ್ತಂದ್ರ ಮುಗೀತು, ಮೊದಲಿನ ನೀರ ತಿರುಗಿ ಸಿಗೂದಿಲ್ಲ."

ನಾನು ಆ ಹೆಣ್ಣುಮಗಳ ಪರವಾಗಿ ವಾದಿಸಿದೆ. ಅವಳು ದಿನ ಹೇಳಿದ್ದು ಆ ವಾರವೇ. ಒಲೆ ಹಚ್ಚದ ದಿನವೆಂಬ ಕಾರಣವನ್ನೂ ಹೇಳಿದ್ದಳು. ನೀರಿನ ಮಾತು ಯಾರೂ ಹೇಳಿಕೊಡದೆ ಬಂದದ್ದು. ಮೊದಲು ಹೇಳಿದ್ದು ಕೆಡುವುದಿಲ್ಲ, ಆಮೇಲೆ ಸೇರಿದ ಕೋಣವನ್ನು ಮಾತ್ರ ತೆಗೆದಿಡಿ ಎಂದೆ. ಎದುರಿನ ತಟ್ಟೆ ಹಗುರಾದ ಹಾಗೆ ಅವರ ಎಡಗೈ ಸ್ವಲ್ಪ ಮೇಲೆದ್ದಿತು. ಆಮೇಲೆ ನಾನೇ ಎದುರು ವಾದವನ್ನೂ ಹೂಡಿದೆ. ಬಿಸಿಲಲ್ಲಿ ಬರಿಗಾಲಲ್ಲಿ ಬಂದವನು ಯಾರಾದರೂ ಕಾಲಿಗೆ ನೀರು ಹಾಕಿಕೊಳ್ಳಬಹುದು. ಅವರ ಎಡಗೈ ಮತ್ತೆ ತೊಡೆಗಿಳಿಯಿತು.

"ಕಲತಾಕಿ ನೋಡು," ಎಂದು ನಕ್ಕರು. "ಎರಡೂ ಕಡಿ ನೀನ ತೂಗತಿ. ನಮ್ಮಂಥಾವ್ರಿಗೆ ಕೆಲಸಾ ಇಲ್ಲ."

ಚಿಗವ್ವನನ್ನೇ ಇನ್ನೊಮ್ಮೆ ಕೇಳಬಾರದೇಕೆ ಎಂದೆ.

ಅವರು ಒಳಗಿನ ಕತ್ತಲೆಯ ಕಡೆ ನೋಡಿ ದನಿ ತಗ್ಗಿಸಿದರು. "ಅವತ್ತೂ ನಾ ತಪ್ಪ ಕೇಳಿದೆ. ಎಡಗಾಲು, ನೀರು, ಎಲ್ಲಾ ನಾನ ಹೇಳಿಬಿಟ್ಟೆ. ಗಂಡನ್ನ ಎಲ್ಲೋ ಯಾರೋ ನೋಡ್ಯಾರ ಅಂತ ಆಕೀಗೆ ಆಗಿಂದಾಗ ತಿಳದುಬಿಡ್ತು. ತಿಳದಮ್ಯಾಲೆ ಆಕಿ ಹೇಳಿದ್ದು ನೆನಪಲ್ಲ, ನಿರ್ಧಾರ. ಹೆಂಗ ಕುಡೀತಾರ ಅಂತ ಕೇಳಿದ್ದರ ಬಾಯಿಗೆ ಬಂದದ್ದು ಹೇಳತಿದ್ಲು. ಈಗ ಪೊಲೀಸ ಅಲ್ಲ ನಾ. ಕೇಳಾಕ ಹಕ್ಕಿಲ್ಲ. ನೀರ ಕೇಳಬಹುದು, ಅಷ್ಟ," ಎಂದರು.

ಯಳವತ್ತಿಗೂ ಹೋಗಿಬಂದಿದ್ದರು. ಅದನ್ನು ಮಾತ್ರ ತಮಾಷೆಯಾಗಿ ಹೇಳುತ್ತಿದ್ದರು. ಬಂಡಿಯವನಿಗೆ ಎಲ್ಲ ತಿಳಿಸಿ, ನೀನು ಮಾಡಿಲ್ಲವೆಂದು ನನಗೆ ಅನಿಸುತ್ತದೆ ಎಂದರಂತೆ. ಅವನು ಎತ್ತಿಗೆ ಮೇವು ಹಾಕುತ್ತ, "ನಿಮಗ ಈಗ ಅನಸ್ತೈತಿ. ನನಗ ಮೊದಲಿಂದ ಗೊತ್ತೈತ್ರಿ," ಎಂದನಂತೆ. ಜಮಾದಾರರು ಬೇರೇನೂ ತೋಚದೆ, ಲಕ್ಷ್ಮೇಶ್ವರದ ತನಕ ಬಿಡು ಎಂದು ಬಂಡಿ ಹತ್ತಿ ಎಲ್ಲರಿಗೂ ಕಾಣುವ ಹಾಗೆ ಮುಂದೆ ಕುಳಿತರು. ಹಾದಿಯಲ್ಲಿ ಅವನೇ ಹೇಳಿದ: "ಒಂದ ಮಾತ ಹೇಳಲೇನ್ರಿ? ನೀವು ಕುಂತದ್ದು ನೋಡಿ ಮಂದಿ ಏನಂತಾರ ಗೊತ್ತೇನು? ಪಾಪ, ಮತ್ತ ಹಿಡಕೊಂಡು ಹೊಂಟ್ರು ಅಂತಾರ."

ಆದರೂ ಅವರು ಹೋಗುವುದನ್ನು ಬಿಡಲಿಲ್ಲ. ಆಗಾಗ ಬಸ್ಸಿನಲ್ಲಿ ಯಳವತ್ತಿಗೆ ಹೋಗಿ, ಆ ಬಂಡಿಯಲ್ಲಿ ಕುಳಿತು ಲಕ್ಷ್ಮೇಶ್ವರಕ್ಕೆ ಬಂದು, ಮತ್ತೆ ಬಸ್ಸಿನಲ್ಲಿ ಊರಿಗೆ ಬರುತ್ತಿದ್ದರು. ಕೆಲಸವೇನೂ ಇರುತ್ತಿರಲಿಲ್ಲ. ಇದರಿಂದ ಏನು ಸಾಬೀತಾಗುತ್ತದೆ ಎಂದು ಕೇಳಿದ್ದೆ. "ಸಾಬೀತಲ್ಲವಾ. ಕುಂತೀನಿ, ಅಷ್ಟ," ಎಂದಿದ್ದರು.

ಅವರ ಮಣ್ಣಿನ ದಿನ ಯಳವತ್ತಿಯವನು ಬಂಡಿ ಕಟ್ಟಿಕೊಂಡು ಬೆಟಗೇರಿಯ ತನಕ ಬಂದಿದ್ದನೆಂದು ಅಪ್ಪ ಹೇಳಿದ. ನಡೆಯಲಾರದ ಮುದುಕರಿದ್ದರು. ಬಂಡಿ ಓಣಿಯ ಬಾಯಲ್ಲಿ ನಿಂತೇ ಇತ್ತು. ಎಲ್ಲರೂ ನಿಧಾನವಾಗಿ ನಡೆದುಕೊಂಡು ಹೋದರು. ಅಪ್ಪನೂ ನಡೆದ. ನೀನ್ಯಾಕೆ ಹತ್ತಲಿಲ್ಲ ಎಂದು ಕೇಳಿದ್ದಕ್ಕೆ ಅವನು ನನ್ನ ಮುಖ ನೋಡಿದ. "ನನ್ನ ತಮ್ಮ ಕಡೀಕ ಕುಂತದ್ದು ಅದ ಬಂಡ್ಯಾಗ," ಎಂದ.

ಇಷ್ಟು ವರ್ಷದ ಮೇಲೆ ನಾನು ತೂಗಿ ನೋಡಿದರೆ ನನಗೆ ಸಿಗುವುದು ಇಷ್ಟು. ಚಹಾದಂಗಡಿಯವಳ ಮೊದಲ ಮಾತು ಗಟ್ಟಿ. ಅದನ್ನು ಬದಿಗಿಡಲು ಕೊಟ್ಟ ಕಾರಣ ಟೊಳ್ಳು. ಉಳಿದದ್ದು ಚಿಗವ್ವನ "ಇಲ್ಲರಿ" ಒಂದೇ. ಅದು ನಿಜವಿದ್ದರೆ ಮುಂಡರಗಿಯಲ್ಲಿ ನೀರು ಕುಡಿದವನು ಬೇರೆ ಯಾರೋ. ನಿಜವಲ್ಲದಿದ್ದರೆ ಕಾಕಾ ತನ್ನಿಚ್ಛೆಯಿಂದ ಗಡಿ ದಾಟುತ್ತಿದ್ದ, ಯಾರೂ ಅವನ ಬೆನ್ನು ಹತ್ತದ ಹಾಗೆ ಚಿಗವ್ವ ದಾರಿ ಮುಚ್ಚಿದಳು. ಹೆಣ ತೋರಿಸಿ ಎಂದವಳ ಧೈರ್ಯಕ್ಕೆ ಆಗ ಬೇರೆ ಅರ್ಥ ಬರುತ್ತದೆ. ಆದರೆ ಹೀಗೆ ಅರ್ಥ ಹಚ್ಚುವುದು ಬೆನ್ನು ನೋಡಿ ಸೀರೆ ತಿಳಿದುಕೊಂಡ ಹಾಗೆ. ಕಾಕಾ ಎಡಗಾಲಿನ ಮೇಲೆ ನೀರು ಸುರಿದುಕೊಳ್ಳುತ್ತಿದ್ದ ಎಂದು ನಾನೇ ಸಾಕ್ಷಿ ಹೇಳಬಹುದಿತ್ತು. ಹೇಳಲಾರೆ. ನನ್ನ ಬಾವಿಗೂ ಮಣ್ಣು ಬಿದ್ದಿದೆ, ಸೋಮವಾರ ಸೋಮವಾರ, ನಮ್ಮ ಬಾಗಿಲಲ್ಲೇ.

ಹೋದ ವಾರ ಬೆಟಗೇರಿಗೆ ಹೋಗಿದ್ದೆ. ಆ ದಿನ ಸೋಮವಾರವೇ ಇತ್ತು. ಬೇಕೆಂದು ನೋಡಿಕೊಂಡು ಹೋದದ್ದಲ್ಲ. ಚಿಗವ್ವ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಹೊಸ್ತಿಲ ಒಳಗೆ ನೀರು ತುಂಬಿದ ತಂಬಿಗೆ ಇಟ್ಟಿತ್ತು, ಜಮಾದಾರರು ಇದ್ದಾಗ ಅವರಿಗೆಂದು ಇಡುತ್ತಿದ್ದಲ್ಲೇ. ನಾನು ಹತ್ತಿರ ಕುಳಿತೆ. ಹರಳು ಆರಿಸಿದೆ. ಹೇಗೆ ಕೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಕಾಲಿನ ಮಾತು ಬರಬಾರದು, ಮುಂಡರಗಿ ಬರಬಾರದು, ಯಳವತ್ತಿ ಬರಬಾರದು.

"ಚಿಗವ್ವ," ಎಂದೆ. "ಕಾಕಾ ನೀರು ಹೆಂಗ ಕುಡೀತಿದ್ದ?"

ಮೊರ ನಿಂತಿತು. ಅವಳು ಹೊಸ್ತಿಲ ಕಡೆ ನೋಡಿದಳು. ಆಮೇಲೆ ಮತ್ತೆ ಕೇರತೊಡಗಿದಳು. ಜೋಳ ಹಸನಾಗಿ ಮುಗಿಯಿತು. ಮೊರ ಗೋಡೆಗಿಟ್ಟು ಎದ್ದು, ತಂಬಿಗೆಯ ನೀರನ್ನು ಅಂಗಳದ ತುಳಸಿಗೆ ಹಾಕಿ ಒಳಗೆ ಹೋದಳು. ಸಂಜೆಯ ಬಸ್ಸಿಗೆ ನಾನು ಹೊರಟಾಗ ಬುತ್ತಿ ಕಟ್ಟಿಕೊಟ್ಟಳು. ನಾನು ಕೇಳಿದ್ದು ಇನ್ನೂ ಅಲ್ಲೇ ಇದೆ.